ಉಡುಪಿಯಿಂದ ಅಮೆರಿಕಕ್ಕೆ: ಹದಿನಾರು ಗಂಟೆ ಕೂತಿರುವುದು ಹೇಗೆ?

ಬಜ್ಪೆಯಲ್ಲಿ ಹತ್ತಿ ನಾಲ್ಕು ಗಂಟೆಯೊಳಗೆ ದುಬೈಯಲ್ಲಿ ಇಳಿಯುವವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ. ಈ ಬರಹ ಅವರಿಗಲ್ಲ. ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಮೊದಲ ಸಲ ಅಮೆರಿಕ, ಕೆನಡಾ ಕಡೆ ಹೊರಟಿರುವ, ಅರುವತ್ತರ ಆಸುಪಾಸಿನ ನನ್ನಂಥವರಿಗೆ. ನಾನು ನ್ಯೂಜೆರ್ಸಿಗೆ ಮೂರು ಸಲ ಹೋಗಿಬಂದೆ. ಮೊದಲ ಸಲ ಇಳಿಯುವಾಗ ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ, ಹೊಟ್ಟೆ ತಮಟೆಯಾಗಿತ್ತು, ಬಿಪಿ ಮಾತ್ರೆ ಕೆಳಗಿನ ಲಗೇಜಿನಲ್ಲಿ ಉಳಿದಿತ್ತು. ಮೂರನೆಯ ಸಲ ಇಳಿದವಳು ಸಂಜೆ ಮೊಮ್ಮಗಳನ್ನು ಎತ್ತಿಕೊಂಡು ಪಾರ್ಕಿಗೆ ಹೋಗಿದ್ದೆ. ನಡುವೆ ಕಲಿತದ್ದು ಇಲ್ಲಿ ಉಂಟು.

ಒಂದು ಮಾತು ಮೊದಲೇ ಹೇಳುತ್ತೇನೆ. ನಮ್ಮ ಪ್ರಾಯದವರಿಗೆ ವಿಮಾನದಲ್ಲಿ ತೊಂದರೆ ಕೊಡುವುದು ಎತ್ತರಕ್ಕಿಂತ ಹೆಚ್ಚಾಗಿ ಸಂಕೋಚ. ಪಕ್ಕದವರನ್ನು ಎಬ್ಬಿಸಬೇಕಲ್ಲ ಎಂದು ಏಳುವುದಿಲ್ಲ. ಏಳಬೇಕಾಗುತ್ತದಲ್ಲ ಎಂದು ನೀರು ಕುಡಿಯುವುದಿಲ್ಲ. ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಕಂಬಳಿಯನ್ನೂ ಕೇಳುವುದಿಲ್ಲ. ಕೆಳಗೆ ಬರೆದ ಮುಕ್ಕಾಲು ಪಾಲು ಕ್ರಮಗಳು ಈ ಸಂಕೋಚವನ್ನು ಸುತ್ತಿಹಾಕುವ ಉಪಾಯಗಳೇ.

ವಿಮಾನದೊಳಗೆ ಮೈಗೆ ಏನಾಗುತ್ತದೆ?

ವಿಮಾನ ಹಾರುವುದು ಸುಮಾರು 11,000 ಮೀಟರ್ ಎತ್ತರದಲ್ಲಿ. ಒಳಗಿನ ಗಾಳಿಗೆ ಒತ್ತಡ ತುಂಬಿರುತ್ತಾರೆ, ಆದರೆ ನೆಲದ ಮಟ್ಟಕ್ಕಲ್ಲ. ಹೊಸ ಮಾದರಿಯ ಕೆಲವು ವಿಮಾನಗಳಲ್ಲಿ ಅದು ಸುಮಾರು 1,800 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮ, ಅಂದರೆ ಹೆಚ್ಚುಕಡಿಮೆ ಕುದುರೆಮುಖದ ತುದಿ. ಉಳಿದವುಗಳಲ್ಲಿ 2,400 ಮೀಟರ್‌ವರೆಗೂ ಹೋಗುವುದುಂಟು. ಅಷ್ಟು ಎತ್ತರದ ಬೆಟ್ಟ ಕರ್ನಾಟಕದಲ್ಲೇ ಇಲ್ಲ; ಮುಳ್ಳಯ್ಯನಗಿರಿಯೇ 1,930 ಮೀಟರ್. ಕಡಲ ಮಟ್ಟದಲ್ಲಿ ಹುಟ್ಟಿ ಬೆಳೆದ ನಾವು ಅರ್ಧ ಗಂಟೆಯಲ್ಲಿ ಗುಡ್ಡದ ತುದಿಗೆ ಏರಿ, ಅಲ್ಲಿ ಒಂದು ಹಗಲು ಒಂದು ರಾತ್ರಿ ಕೂತ ಹಾಗೆ. ಆರೋಗ್ಯವಂತರಿಗೆ ಇದರಿಂದ ತುಸು ಆಯಾಸ, ತುಸು ತಲೆಭಾರ, ಅಷ್ಟೆ.

ಇನ್ನೊಂದು, ಒಣಗಾಳಿ. ಮಳೆಗಾಲದಲ್ಲಿ ಬಟ್ಟೆ ಮೂರು ದಿನ ಒಣಗದ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವ ಊರಿನವರು ನಾವು. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ನೂರಕ್ಕೆ 10ರಿಂದ 20ರಷ್ಟು ಮಾತ್ರ. ಹೊರಗಿನ ಮೈನಸ್ 50 ಡಿಗ್ರಿಯ ಗಾಳಿಯಲ್ಲಿ ನೀರಿನ ಪಸೆಯೇ ಇರುವುದಿಲ್ಲ, ಅದನ್ನೇ ಬಿಸಿ ಮಾಡಿ ಒಳಗೆ ಬಿಡುತ್ತಾರೆ. ತುಟಿ ಒಡೆಯುವುದು, ಕಣ್ಣು ಉರಿಯುವುದು, ಮೂಗಿನೊಳಗೆ ಹೆಕ್ಕಳೆ ಕಟ್ಟುವುದು ಇದರಿಂದಲೇ.

ಹಂತ 1: ಒಂದು ತಿಂಗಳು ಮುಂಚೆ ಡಾಕ್ಟರು

ಮಣಿಪಾಲಕ್ಕೋ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರಕ್ಕೋ ಹೋಗಿ, "ಹದಿನಾರು ಗಂಟೆ ವಿಮಾನದಲ್ಲಿ ಕೂರಬೇಕು, ಹೋಗಬಹುದಾ?" ಎಂದು ನೇರ ಕೇಳಿ. ಇತ್ತೀಚೆಗೆ ಆಪರೇಷನ್ ಆದವರು, ಹೃದಯದ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು, ರಕ್ತ ತೀರಾ ಕಡಿಮೆ ಇರುವವರು, ಹಿಂದೆ ಯಾವಾಗಲಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದನ್ನು ತಪ್ಪಿಸಲೇಬಾರದು. ಕಣ್ಣಿನ ರೆಟಿನಾ ಆಪರೇಷನ್ನಿನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ, ಅದು ಪೂರ್ತಿ ಕರಗಿದೆ ಎಂದು ಕಣ್ಣಿನ ಡಾಕ್ಟರು ಹೇಳುವವರೆಗೆ ವಿಮಾನ ಹತ್ತುವಂತೆಯೇ ಇಲ್ಲ. ಮೇಲೆ ಹೋದಂತೆ ಆ ಗ್ಯಾಸ್ ಹಿಗ್ಗಿ ದೃಷ್ಟಿಯೇ ಹೋಗಬಹುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಗಡಿಯಾರದ ಲೆಕ್ಕವನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ಹಿಂದೆ ಬರುವಾಗ ಗಿಡ್ಡವಾಗುತ್ತದೆ. ಯಾವ ಡೋಸು ಯಾವಾಗ ಎನ್ನುವುದು ಪಕ್ಕದ ಮನೆಯವರನ್ನು ಕೇಳಿ ತೀರ್ಮಾನಿಸುವ ವಿಷಯವಲ್ಲ.

ಚೀಟಿಯಲ್ಲಿ ಮಾತ್ರೆಯ ಕಂಪೆನಿ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ಇಲ್ಲಿನ ಕಂಪೆನಿ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ; ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಹಂತ 2: ಟಿಕೆಟ್ ಆದ ಕೂಡಲೇ ಮೂರು ಫೋನು

ಮೊದಲನೆಯದು ಸೀಟಿಗೆ. ಕಿಟಕಿ ಪಕ್ಕ ಕೂತು ಮೋಡ ನೋಡುವ ಆಸೆ ನನಗೂ ಇತ್ತು. ಮೋಡ ಹತ್ತು ನಿಮಿಷ, ಆಮೇಲೆ ಹದಿನೈದು ಗಂಟೆ ಕತ್ತಲೆ, ದಾಟಿ ಹೋಗಲು ಮೊಣಕಾಲು ಅಡ್ಡವಿಟ್ಟು ಮಲಗಿದ ಇಬ್ಬರು ಅಪರಿಚಿತರು. ಓಡಾಡುವ ದಾರಿಯ ಪಕ್ಕದ ಐಲ್ ಸೀಟನ್ನೇ ಕೇಳಿ. ಅದರಲ್ಲೂ ಎರಡು ದಾರಿಗಳಿರುವ ದೊಡ್ಡ ವಿಮಾನದಲ್ಲಿ ನಡುವಿನ ಸಾಲಿನ ಐಲ್ ಸೀಟು ವಾಸಿ. ನಡುವೆ ಕೂತವರಿಗೆ ಆಚೆ ಕಡೆಯಿಂದಲೂ ಹೋಗಲು ದಾರಿಯಿರುವುದರಿಂದ ನಿಮ್ಮನ್ನು ಎಬ್ಬಿಸುವುದು ಕಡಿಮೆ. ಕಟ್ಟಕಡೆಯ ಸಾಲು ಬೇಡ. ಸೀಟು ಹಿಂದೆ ವಾಲದೆ ಹೋಗಬಹುದು, ಶೌಚಾಲಯದ ಸಾಲು ನಿಮ್ಮ ತಲೆಯ ಮೇಲೇ ನಿಂತಿರುತ್ತದೆ. ಎಲ್ಲಕ್ಕಿಂತ ಮುಂದಿನ ಗೋಡೆಯ ಪಕ್ಕದ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚು, ಆದರೆ ಮಕ್ಕಳ ತೊಟ್ಟಿಲು ಕಟ್ಟುವುದೂ ಅಲ್ಲೇ. ಮೊಮ್ಮಗುವಿನ ಅಳು ಕೇಳಲಿಕ್ಕೆ ಹೇಗೂ ಹೋಗುತ್ತಿದ್ದೀರಿ, ದಾರಿಯಲ್ಲೇ ಯಾಕೆ?

ಎರಡನೆಯದು ಊಟಕ್ಕೆ, ಹೊರಡುವುದಕ್ಕೆ ಎರಡು ದಿನ ಮೊದಲಾದರೂ. ಇಲ್ಲಿ ಒಂದು ಗುಂಡಿ ಉಂಟು, ನಮ್ಮವರು ಸುಮಾರು ಜನ ಬಿದ್ದಿದ್ದಾರೆ. ಪಟ್ಟಿಯಲ್ಲಿ "ಹಿಂದೂ ಮೀಲ್" ಎಂದಿರುತ್ತದೆ. ಅದು ಸಸ್ಯಾಹಾರವಲ್ಲ! ದನದ ಮಾಂಸ ಇಲ್ಲದ ಊಟ ಎಂದಷ್ಟೇ ಅದರ ಅರ್ಥ. ಕೋಳಿಯೋ ಕುರಿಯೋ ಮೀನೋ ಇರುತ್ತದೆ. ಸಸ್ಯಾಹಾರಿಗಳು "ಏಷ್ಯನ್ ವೆಜಿಟೇರಿಯನ್" ಎಂದು ಹೇಳಿ, ಅದರ ಗುರುತು ಎವಿಎಂಎಲ್. ನೀರುಳ್ಳಿ ಬೆಳ್ಳುಳ್ಳಿಯೂ ಆಗದವರು ಜೈನ ಊಟ ಹೇಳಿ, ವಿಜೆಎಂಎಲ್. ಇನ್ನೊಂದು ಲಾಭವೆಂದರೆ, ಹೀಗೆ ಮೊದಲೇ ಹೇಳಿದವರಿಗೆ ಊಟದ ತಟ್ಟೆ ಬರುವುದು ಸಾಮಾನ್ಯವಾಗಿ ಎಲ್ಲರಿಗಿಂತ ಮುಂಚೆ.

ಮೂರನೆಯದು ವ್ಹೀಲ್‌ಚೇರ್. "ನನಗೆಂತ ಆಗಿದೆ, ನಡೆಯುತ್ತೇನಲ್ಲ" ಎಂದು ನನ್ನ ಮನೆಯವರು ಮೊದಲ ಸಲ ಸಿಟ್ಟು ಮಾಡಿದ್ದರು. ಮುಂಬೈಯಲ್ಲಿ ಗೇಟು ತಲುಪುವಷ್ಟರಲ್ಲಿ ಮಂಡಿ ಹಿಡಿದುಕೊಂಡು ಕೂತರು. ಮನೆಯ ಅಂಗಳದಲ್ಲಿ ನಡೆಯುವುದು ಬೇರೆ, ಇಮಿಗ್ರೇಶನ್ ಸಾಲಿನಲ್ಲಿ ಒಂದೂವರೆ ಗಂಟೆ ನಿಲ್ಲುವುದು ಬೇರೆ. ಮಂಡಿನೋವು, ಸೊಂಟನೋವು, ಭಾಷೆಯ ಅಳುಕು ಇದ್ದರೆ ಮೊದಲೇ ಹೇಳಿಡಿ. ಗಟ್ಟಿಮುಟ್ಟಾಗಿ ಇರುವವರು ಸಾಲು ತಪ್ಪಿಸಲಿಕ್ಕೆಂದೇ ಕೇಳುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಹಂತ 3: ಕೈಚೀಲ

ದೊಡ್ಡ ಪೆಟ್ಟಿಗೆಯಲ್ಲಿ ಏನು ಬೇಕಾದರೂ ತುಂಬಿ. ನಿಮ್ಮ ಆರೋಗ್ಯ ಇರುವುದು ಕಾಲಬುಡದ ಚೀಲದಲ್ಲಿ. ಮಾತ್ರೆಗಳೆಲ್ಲ ಇದರಲ್ಲೇ ಇರಲಿ, ಅಂಗಡಿಯಿಂದ ತಂದ ಪಟ್ಟಿಯ ಸಮೇತ, ಡಾಕ್ಟರ ಚೀಟಿಯ ಜೊತೆ. ಇನ್ಸುಲಿನ್ ಕೆಳಗಿನ ಲಗೇಜಿಗೆ ಹಾಕಲೇಬಾರದು. ಅಲ್ಲಿ ಚಳಿಗೆ ಹೆಪ್ಪುಗಟ್ಟಿದರೆ ಆ ಇನ್ಸುಲಿನ್ ಉಪಯೋಗಕ್ಕಿಲ್ಲ.

ನೀರು, ಎಣ್ಣೆ, ಮುಲಾಮು, ಪೇಸ್ಟು ಯಾವುದೇ ಆದರೂ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ಡಬ್ಬಿಯಲ್ಲಿ ಇರಬಾರದು. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಕೊಬ್ಬರಿ ಕಟ್ಟಿಕೊಳ್ಳಬೇಡಿ, ಅದರ ಎಣ್ಣೆಯ ಅಂಶದಿಂದ ತಾನಾಗಿಯೇ ಕಾದು ಹೊತ್ತಿಕೊಳ್ಳುವ ವಸ್ತು ಎಂದು ತೆಗೆದಿಡಿಸುತ್ತಾರೆ. ಮಟ್ಟುಗುಳ್ಳವನ್ನೂ ಮನೆಯಲ್ಲೇ ಬಿಡಿ, ಅಮೆರಿಕದ ಕಸ್ಟಮ್ಸಿನಲ್ಲಿ ಹಸಿ ತರಕಾರಿ ಹಣ್ಣು ದಾಟುವುದಿಲ್ಲ.

ನನ್ನ ಚೀಲದಲ್ಲಿ ಇನ್ನೇನಿರುತ್ತದೆ? ಎರಡು ಬೈರಾಸು. ಒಂದನ್ನು ಸುರುಳಿ ಸುತ್ತಿ ಸೊಂಟದ ಹಿಂದಿನ ತಗ್ಗಿಗೆ ಇಟ್ಟುಕೊಳ್ಳುವುದು, ಇನ್ನೊಂದು ಕುತ್ತಿಗೆಗೆ ಅಥವಾ ಹೊದೆಯಲಿಕ್ಕೆ. ಅಂಗಡಿಯ ಕುತ್ತಿಗೆ ದಿಂಬಿಗೆ ದುಡ್ಡು ಕೊಟ್ಟು ಒಂದು ಸಲ ಒಯ್ದೆ, ಚೀಲದ ಅರ್ಧ ಜಾಗ ಅದೇ ತಿಂದಿತು. ತುಟಿಗೆ ಹಚ್ಚಲು ಪುಟ್ಟ ಡಬ್ಬಿಯಲ್ಲಿ ತುಪ್ಪ. ಮೂಗಿಗೆ ಉಪ್ಪುನೀರಿನ ಸ್ಪ್ರೇ. ಎಣ್ಣೆ ತುಪ್ಪ ಮೂಗಿಗೆ ಬಿಡಬೇಡಿ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುವುದು ಒಳ್ಳೆಯದಲ್ಲ. ಕಣ್ಣಿಗೆ ಹನಿ ಔಷಧ, ಒಣಶುಂಠಿ, ಒಂದು ಸ್ವೆಟರ್, ದಪ್ಪ ಕಾಲುಚೀಲ.

ಮತ್ತೆ ಎರಡು ಖಾಲಿ ಬಾಟಲಿ. ಒಂದು ಕುಡಿಯಲಿಕ್ಕೆ, ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳುವುದು. ಇನ್ನೊಂದು ಸಣ್ಣದು, ಶೌಚಾಲಯಕ್ಕೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಯಾರೂ ಬರೆಯುವುದಿಲ್ಲ. ಅಲ್ಲಿ ಚೆಂಬೂ ಇಲ್ಲ, ನಳ್ಳಿಯೂ ಕೆಳಗಿಲ್ಲ, ಕಾಗದ ಮಾತ್ರ. "ಅದು ನನಗಾಗುವುದಿಲ್ಲ" ಎಂದು ನೀರು ಬಿಟ್ಟು ಊಟ ಬಿಟ್ಟು ಕೂತ ಹೆಂಗಸರನ್ನು ನಾನು ಕಂಡಿದ್ದೇನೆ. ಆ ಸಣ್ಣ ಬಾಟಲಿ ಒಂದಿದ್ದರೆ ಅರ್ಧ ಪ್ರಯಾಣ ಸುಲಭ.

ಹಂತ 4: ಮನೆಯಿಂದ ವಿಮಾನದ ಬಾಗಿಲವರೆಗೆ

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟಿಕೆಟಿನಲ್ಲಿ "16 ಗಂಟೆ" ಎಂದಿರುತ್ತದೆ. ನಮ್ಮ ಕಾಲುಗಳಿಗೆ ಗೊತ್ತಿರುವ ಲೆಕ್ಕ ಬೇರೆ: ಉಡುಪಿಯಿಂದ ಬಜ್ಪೆಗೆ ಒಂದೂವರೆ ಗಂಟೆ ಕಾರು, ಅಲ್ಲಿ ಎರಡು ಗಂಟೆ, ಮುಂಬೈಗೆ ಒಂದೂವರೆ ಗಂಟೆ, ಮುಂಬೈಯಲ್ಲಿ ಐದಾರು ಗಂಟೆ, ಆಮೇಲೆ ಆ ಹದಿನಾರು. ಬೆಂಗಳೂರಿನಿಂದ ಹತ್ತುವವರದ್ದು ಇನ್ನೂ ಕಷ್ಟ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ಕಾಲು ಇಳಿಬಿಟ್ಟುಕೊಂಡು ಹತ್ತು ಗಂಟೆ ಕೂತು, ಬಾತ ಪಾದದಲ್ಲೇ ವಿಮಾನ ಹತ್ತುತ್ತಾರೆ. ಬೆಂಗಳೂರಿಗೆ ಹೋಗುವುದಾದರೆ ರಾತ್ರಿ ರೈಲಿನ ಬರ್ತಿನಲ್ಲಿ ಮಲಗಿ ಹೋಗಿ, ಪಂಚಗಂಗಾ ಉಂಟಲ್ಲ. ಇಲ್ಲವಾದರೆ ಸ್ಲೀಪರ್ ಬಸ್ಸು. ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಬೆನ್ನು ಚಾಚಿದರೆ ಮತ್ತೂ ಒಳ್ಳೆಯದು.

ಮಳೆಗಾಲವಾದರಂತೂ ಆ ಒಂದು ದಿನ ಕಡ್ಡಾಯ. ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ನಮಗೆ ಹೊಸತಲ್ಲ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲೆ ಇರುವುದು. ಮಳೆಗೆ ಮಂಜು ಮುಸುಕಿದರೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ತಿರುಗುತ್ತದೆ. ಮುಂಬೈಯ ದೊಡ್ಡ ವಿಮಾನ ತಪ್ಪಿಹೋದರೆ ಆ ಗಾಬರಿಗೆ ಯಾವ ಮಾತ್ರೆಯೂ ಇಲ್ಲ. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿರುವಂತೆ ಮಾಡಿಸಿ, ಲಗೇಜು ಎಲ್ಲಿಯವರೆಗೆ ಹೋಗುತ್ತದೆ ಎಂದು ಬಜ್ಪೆಯ ಕೌಂಟರಿನಲ್ಲೇ ಕೇಳಿ.

ಹೊಟ್ಟೆಯ ವಿಷಯ. ನನ್ನ ಮೊದಲ ಪ್ರಯಾಣ ಜೂನಿನಲ್ಲಿ. ಹಿಂದಿನ ದಿನ ಅತ್ತಿಗೆ ಪ್ರೀತಿಯಿಂದ ಹಲಸಿನ ಹಣ್ಣಿನ ಗಟ್ಟಿ ಮಾಡಿ ಕಳಿಸಿದ್ದರು. ನಾಲ್ಕು ತಿಂದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ, ಇದ್ದದ್ದರ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಜಾಸ್ತಿ. ಬಿಗಿ ಮುಚ್ಚಿದ ಚಿಪ್ಸಿನ ಪೊಟ್ಟಣ ವಿಮಾನದಲ್ಲಿ ಉಬ್ಬುವುದನ್ನು ನೋಡಿ, ಅದೇ ನಿಮ್ಮ ಹೊಟ್ಟೆ. ಹಾಗಾಗಿ ಹಿಂದಿನ ದಿನದಿಂದಲೇ ಹಲಸು, ಗೆಣಸು, ಕಡಲೆ, ಎಲೆಕೋಸು, ಗೋಳಿಬಜೆ, ಸೋಡಾ ಇವಕ್ಕೆಲ್ಲ ರಜೆ. ಗಂಜಿ, ನೀರುದೋಸೆ, ತಿಳಿಸಾರನ್ನ, ಮಜ್ಜಿಗೆ ಸಾಕು. ಬೀಳ್ಕೊಡಲು ಬಂದವರು ಮನೆಯಲ್ಲಿ ಮಾಡಿದ್ದನ್ನು ತಿನ್ನಿಸಿಯೇ ಬಿಡುತ್ತಾರೆ. "ಕಟ್ಟಿಕೊಡಿ, ಹೋಗುವ ದಾರಿಯಲ್ಲಿ ತಿನ್ನುತ್ತೇನೆ" ಎಂದು ತೆಗೆದುಕೊಂಡು, ಕಾರು ಬಿಡುವವರ ಕೈಗೆ ಕೊಡಿ.

ಬಟ್ಟೆ ಸಡಿಲವಾಗಿರಲಿ. ಸೀರೆ ಉಡುವವರು ಉಡಬಹುದು, ಆದರೆ ಒಳಲಂಗದ ಲಾಡಿ ಹೊಟ್ಟೆಯನ್ನು ಕೊರೆಯುತ್ತದೆ, ಚೂಡಿದಾರ ವಾಸಿ. ಪಾದರಕ್ಷೆ ಒಂದು ಅಳತೆ ಸಡಿಲವಿರಲಿ.

ಹಂತ 5: ಏರುವಾಗ, ಇಳಿಯುವಾಗ ಕಿವಿ

ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಉಂಟು. ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾಗುವುದು ಅದು ತೆರೆದಾಗ, ತೆರೆಯುವುದು ನುಂಗಿದಾಗ, ಆಕಳಿಸಿದಾಗ. ಇಳಿಯುವಾಗ ಹೆಚ್ಚು ನೋವು. ಇಳಿಯಲು ಅರ್ಧ ಗಂಟೆ ಇರುವಾಗ ಎದ್ದಿರಿ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಬಾಯಲ್ಲಿ ಒಂದು ಪೆಪ್ಪರಮಿಂಟು ಸಾಕು. ಆಗದಿದ್ದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಜೋರು ಬೇಡ. ಶೀತವಾಗಿದ್ದರೆ ಡಾಕ್ಟರು ಹೇಳಿದ ಮೂಗಿನ ಹನಿಯನ್ನು ಇಳಿಯುವುದಕ್ಕೆ ಸ್ವಲ್ಪ ಮೊದಲು ಬಿಟ್ಟುಕೊಳ್ಳಿ. ಎಳೆ ಮಗುವಿದ್ದರೆ ಆಗ ಹಾಲು ಕುಡಿಸಿ.

ಹಂತ 6: ಕಾಲು

ಇದೇ ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಸ್ವಲ್ಪ ಉದ್ದ.

ಕಾಲಿನ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುವುದು ಮೀನಖಂಡ. ನಡೆದಾಗ ಅದು ಬಿಗಿದು ಸಡಿಲಾಗಿ ಪಂಪಿನ ಹಾಗೆ ಕೆಲಸ ಮಾಡುತ್ತದೆ. ಗಂಟೆಗಟ್ಟಲೆ ಕದಲದೆ ಕೂತರೆ ಪಂಪು ನಿಂತ ಹಾಗೆ. ನೀರಿನಂಶ ಪಾದಕ್ಕಿಳಿದು ಬಾತುಕೊಳ್ಳುತ್ತದೆ. ಅದು ಎಲ್ಲರಿಗೂ ಆಗುವಂಥದ್ದು, ಎರಡು ದಿನದಲ್ಲಿ ಇಳಿಯುತ್ತದೆ. ಅಪರೂಪಕ್ಕೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದರ ತುಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಇಮ್ಮಡಿ ಎಂದು ಹೆದರಬೇಡಿ, ಆಗಲೂ ಅದು 6,000 ಜನರಲ್ಲಿ ಒಬ್ಬರಿಗೆ ಎನ್ನುವಷ್ಟು. ಆ ಅಧ್ಯಯನ ವಿಮಾನವನ್ನು ಮಾತ್ರ ಹೇಳಿದ್ದಲ್ಲ; ಬಸ್ಸು, ರೈಲು, ಕಾರಿಗೂ ಅದೇ ಮಾತು. ರಾತ್ರಿ ಬಸ್ಸಿನ ಬಗ್ಗೆ ಮೇಲೆ ಅಷ್ಟು ಕೊರೆದದ್ದು ಅದಕ್ಕೇ.

ಮಾಡಬೇಕಾದ್ದು ಇಷ್ಟು. ಅಜ್ಜಿಯ ಕಾಲದ ಹೊಲಿಗೆ ಮೆಷಿನ್ ತುಳಿದದ್ದು ನೆನಪುಂಟಲ್ಲ? ಹಿಮ್ಮಡಿ ನೆಲದಲ್ಲಿಟ್ಟು ಬೆರಳು ಮೇಲೆ, ಬೆರಳು ನೆಲದಲ್ಲಿಟ್ಟು ಹಿಮ್ಮಡಿ ಮೇಲೆ. ಗಂಟೆಗೊಮ್ಮೆ ಇಪ್ಪತ್ತು ಮೂವತ್ತು ಸಲ ತುಳಿಯಿರಿ. ಪಾದವನ್ನು ಗಿರ್ರನೆ ಎರಡೂ ಕಡೆ ತಿರುಗಿಸಿ. ಎಚ್ಚರವಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆ ಜಾಗದವರೆಗೆ ನಡೆದು, ಅಲ್ಲಿ ನಿಂತು ಹತ್ತು ಸಲ ತುದಿಗಾಲಲ್ಲಿ ಏರಿಳಿಯಿರಿ. ಅಲ್ಲಿನ ಹುಡುಗಿಯರು ಬೈಯುವುದಿಲ್ಲ. ನನಗಂತೂ ನೀರು ಕೊಟ್ಟು ಊರು ಯಾವುದೆಂದು ಕೇಳಿದರು. ಕೈಚೀಲವನ್ನು ಕಾಲಬುಡದಲ್ಲಿ ಒತ್ತಿ ಇಡಬೇಡಿ, ಕಾಲು ಚಾಚಲು ಜಾಗ ಇರಲಿ. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕುವ ನಮ್ಮ ಅಭ್ಯಾಸ ಹತ್ತು ನಿಮಿಷಕ್ಕೆ ಅಡ್ಡಿಯಿಲ್ಲ, ಹಾಗೇ ನಿದ್ದೆ ಹೋಗಬಾರದು.

ಮೊಣಕಾಲಿನ ಕೆಳಗಿನವರೆಗೆ ಬರುವ ಬಿಗಿ ಕಾಲುಚೀಲ, ಕಂಪ್ರೆಶನ್ ಸ್ಟಾಕಿಂಗ್ಸ್, ಔಷಧ ಅಂಗಡಿಯಲ್ಲಿ ಸಿಗುತ್ತದೆ. ಬಾವು ಕಡಿಮೆ ಮಾಡುತ್ತದೆ, ಹೆಪ್ಪುಗಟ್ಟುವುದನ್ನೂ ತಗ್ಗಿಸುತ್ತದೆ. ಅಳತೆ ಬೆಳಗ್ಗೆ ಎದ್ದ ಕೂಡಲೇ ಕೊಡಿ, ಸಂಜೆಯ ಕಾಲು ದಪ್ಪ. ಮನೆಯಿಂದ ಹೊರಡುವಾಗಲೇ ಹಾಕಿಕೊಳ್ಳಿ, ಮೇಲಂಚನ್ನು ಮಡಚಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಕಾಲಿನ ರಕ್ತಸಂಚಾರ ಕಡಿಮೆ ಇರುವವರು ಡಾಕ್ಟರನ್ನು ಕೇಳದೆ ಹಾಕಬಾರದು. "ಒಂದು ಆಸ್ಪಿರಿನ್ ನುಂಗಿಬಿಡಿ" ಎನ್ನುವವರ ಮಾತಿಗೆ ಹೋಗಬೇಡಿ, ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ.

ಇಳಿದ ಮೇಲೂ ಕೆಲವು ವಾರ ಗಮನವಿರಲಿ. ಎರಡೂ ಪಾದ ಸಮನಾಗಿ ಬಾತರೆ ಚಿಂತೆಯಿಲ್ಲ. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ, ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರುಕಟ್ಟಿ ಎದೆ ನೋವಾದರೆ ಮಕ್ಕಳಿಗೆ ರಜೆ ಸಿಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆ.

ಹಂತ 7: ನೀರು, ಊಟ, ಸೋಂಕು

ಗಂಟೆಗೊಂದು ಸಣ್ಣ ಲೋಟ ನೀರು ಸಾಕು, ಕೊಡ ಕುಡಿಯಬೇಕಾಗಿಲ್ಲ. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇರುವವರು ಆ ಮಿತಿಯಲ್ಲೇ ಇರಿ. ಕಾಫಿ ಒಂದೆರಡು ಪರವಾಗಿಲ್ಲ, ನಿದ್ದೆ ಮಾಡುವ ಹೊತ್ತಿಗೆ ಬೇಡ. ಮದ್ಯ ಪುಕ್ಕಟೆ ಸಿಗುತ್ತದೆ ಎಂದು ಗಂಡಸರು ಕೆಲವರು ಶುರುಮಾಡುತ್ತಾರೆ. ಬಾಯಿ ಇನ್ನಷ್ಟು ಒಣಗುತ್ತದೆ, ನಿದ್ದೆಯೂ ಕೆಡುತ್ತದೆ.

ಊಟ ಸಪ್ಪೆ ಅನಿಸಿದರೆ ಅಡುಗೆಯವರದ್ದಷ್ಟೇ ತಪ್ಪಲ್ಲ. ಒಣಗಾಳಿಗೆ ಮೂಗು ಕಟ್ಟಿದಂತಾಗಿ ಉಪ್ಪು ಸಿಹಿ ನಾಲಿಗೆಗೆ ಸರಿಯಾಗಿ ತಾಗುವುದಿಲ್ಲ. ತಟ್ಟೆಯಲ್ಲಿದ್ದದ್ದನ್ನು ಅರ್ಧ ತಿಂದು ಬಿಡಿ.

ವಿಮಾನದ ಗಾಳಿಯಿಂದ ಕಾಯಿಲೆ ಬರುತ್ತದೆ ಎಂಬ ಹೆದರಿಕೆ ಪೂರ್ತಿ ಸರಿಯಲ್ಲ. ಎರಡು ಮೂರು ನಿಮಿಷಕ್ಕೊಮ್ಮೆ ಗಾಳಿ ಬದಲಾಗುತ್ತಿರುತ್ತದೆ, ಮತ್ತೆ ಒಳಬರುವ ಗಾಳಿ ಸೂಕ್ಷ್ಮ ಫಿಲ್ಟರಿನಿಂದ ಹಾದು ಬರುತ್ತದೆ. ಸೋಂಕು ಬರುವುದು ಪಕ್ಕದಲ್ಲಿ ಕೆಮ್ಮುವವರಿಂದ ಮತ್ತು ಎಲ್ಲರೂ ಮುಟ್ಟಿದ ಊಟದ ಮಣೆಯಿಂದ. ಕೂತ ಕೂಡಲೇ ಮಣೆಯನ್ನು ಒರೆಸಿ, ಮಾಸ್ಕ್ ಹಾಕಿ. ಮಾಸ್ಕಿನೊಳಗೆ ನಮ್ಮದೇ ಉಸಿರಿನ ತೇವ ಉಳಿದು ಮೂಗಿಗೂ ಹಿತ. ಶೌಚಾಲಯಕ್ಕೆ ಬರೀ ಕಾಲಿನಲ್ಲಿ, ಕಾಲುಚೀಲದಲ್ಲಿ ಹೋಗಬೇಡಿ.

ಹಂತ 8: ನಿದ್ದೆ ಮತ್ತು ಗಡಿಯಾರ

ಹತ್ತಿದ ಕೂಡಲೇ ಕೈಗಡಿಯಾರವನ್ನು ಅಲ್ಲಿಯ ಹೊತ್ತಿಗೆ ತಿರುಗಿಸಿ. ನ್ಯೂಯಾರ್ಕ್ ಕಡೆಯ ಸಮಯ ನಮಗಿಂತ ಬೇಸಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿಯಾಗಿರುವಾಗ ಮಲಗಿ. ಬೆಲ್ಟನ್ನು ಕಂಬಳಿಯ ಮೇಲೆ ಕಾಣುವಂತೆ ಕಟ್ಟಿಕೊಂಡರೆ ವಿಮಾನ ಕುಲುಕುವಾಗ ಎಬ್ಬಿಸುವುದಿಲ್ಲ. ನಿದ್ದೆ ಮಾತ್ರೆಯನ್ನು ಮೊದಲ ಸಲ ವಿಮಾನದಲ್ಲೇ ಪರೀಕ್ಷಿಸಬೇಡಿ. ಗಾಢ ನಿದ್ದೆಯಲ್ಲಿ ಕಾಲು ಅಲುಗುವುದೇ ಇಲ್ಲ.

ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಅದನ್ನು ಸರಿಸುವ ದೊಡ್ಡ ಶಕ್ತಿ ಬಿಸಿಲು. ಇಳಿದ ದಿನ ಎಷ್ಟೇ ತೂಕಡಿಸಿದರೂ ಹಗಲಲ್ಲಿ ಹೊರಗೆ ಓಡಾಡಿ. ತಡೆಯದಿದ್ದರೆ ಅರ್ಧ ಗಂಟೆ ಅಲಾರಂ ಇಟ್ಟು ಮಲಗಿ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಹೊಟ್ಟೆ ಚುರುಗುಟ್ಟುತ್ತದೆ, ಆಗುವುದೇ. ಬೇಸಗೆಯಾದರೆ ಉಡುಪಿಯಲ್ಲಿ ಅದು ಮಧ್ಯಾಹ್ನ ಹನ್ನೆರಡೂವರೆ, ಎಲೆ ಹಾಕುವ ಹೊತ್ತು. ದೀಪ ಹಾಕಬೇಡಿ, ಮೊಬೈಲು ಬೇಡ. ನಾನು ಮಗಳ ಅಡುಗೆಮನೆಯಲ್ಲಿ ಮಸುಕು ಬೆಳಕಿನಲ್ಲೇ ಒಂದು ಮುಷ್ಟಿ ಅವಲಕ್ಕಿಗೆ ಮೊಸರು ಕಲಸಿ ತಿಂದು ಮತ್ತೆ ಮಲಗುತ್ತಿದ್ದೆ. ಐದಾರು ದಿನದಲ್ಲಿ ಸರಿಹೋಯಿತು.

ಹಿಂದೆ ಬರುವಾಗ, ಅಂದರೆ ಪೂರ್ವಕ್ಕೆ, ಹೆಚ್ಚಿನವರಿಗೆ ಇದಕ್ಕಿಂತ ಕಷ್ಟ. ನನಗೆ ಹತ್ತು ದಿನ ಹಿಡಿಯಿತು. ಬಂದ ವಾರದಲ್ಲೇ ಮದುವೆ, ಉಪನಯನ ಎಂದು ಫೋನು ಬರುತ್ತದೆ, ಅಮೆರಿಕದಿಂದ ಏನು ತಂದಿರಿ ಎಂದು ನೋಡಲೂ ಜನ ಬರುತ್ತಾರೆ. ಬರುವ ತಾರೀಕನ್ನೇ ಎರಡು ದಿನ ಮುಂದೆ ಮಾಡಿ ಹೇಳಿಬಿಡಿ.